ಸೈಮಾ ಅಟ್ಟ ಹತ್ತಿದ ವರ್ಷ

ಆರ್ವೋ ಕೊಕ್ಕೋ ಏಣಿಯಿಂದ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ರಸ್ತೆಯಾಚೆಯ ಎದುರುಮನೆಯಲ್ಲಿ ಅವನು ಸೂರಿಗೆ ಏಣಿ ಒರಗಿಸಿ, ಕೊಡಲಿಯ ಹಿಂಬದಿಯಿಂದ ಮಂಜುಗಡ್ಡೆ ಕುಟ್ಟುತ್ತಿದ್ದ. ಮಾರ್ಚ್ ತಿಂಗಳಲ್ಲಿ ಸರೋವರದ ಹತ್ತಿರದ ನಮ್ಮ ಹಳೇ ಗಣಿಯೂರು ಸೆವೆನ್‌ನಲ್ಲಿ ಅರ್ಧ ಊರು ಮಾಡುವುದು ಅದೇ ಕೆಲಸ. ಸೂರಿನುದ್ದಕ್ಕೂ ಮಂಜುಗಡ್ಡೆ ಒಡ್ಡು ಕಟ್ಟಿಕೊಳ್ಳುತ್ತದೆ. ಮೇಲಿನಿಂದ ಕರಗಿ ಇಳಿದ ನೀರು ಅದರ ಹಿಂದೆ ಹೊಂಡವಾಗಿ ನಿಲ್ಲುತ್ತದೆ. ಹೋಗಲು ಬೇರೆ ದಾರಿಯಿಲ್ಲದೆ ಮಾಡಿನ ಸಂದಿಗಳಲ್ಲಿ ನುಗ್ಗಿ ಮನೆಯೊಳಕ್ಕೆ ಸೋರುತ್ತದೆ. ಆ ದಿನ ಬೆಳಿಗ್ಗೆ ಅದು ಆರ್ವೋನ ಹೆಂಡತಿ ಸೈಮಾಳ ದಿಂಬಿನ ಮೇಲೆಯೇ ಸೋರಿತ್ತಂತೆ.

ಊಟದ ಮೇಜಿನಷ್ಟು ದೊಡ್ಡ ಚಪ್ಪಡಿಯೊಂದು ಒಮ್ಮೆಲೇ ಕಳಚಿಕೊಂಡಿತು. ಬರುವಾಗ ಏಣಿಯನ್ನೂ ಎಳೆದುಕೊಂಡು ಬಂತು. ಕಾಫಿ ಪಾತ್ರೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ, ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿ ಓಡಿದೆ. ಆರ್ವೋ ಹಿಮದಲ್ಲಿ ಅಂಗಾತ ಬಿದ್ದಿದ್ದ. ಬಲಗಾಲು ಕಾಲು ಇರಬೇಕಾದ ರೀತಿಯಲ್ಲಿರಲಿಲ್ಲ.

"ಟೈಮಿ, ಅಳಬೇಡ," ಎಂದ.

"ನಾನೆಲ್ಲಿ ಅಳ್ತಿದೀನಿ?"

"ಹಾಗಾದ್ರೆ ಕೊಡಲಿ ಎಲ್ಲಿ ಬಿತ್ತು ನೋಡು. ಹೊಸದು ಅದು."

ಸೈಮಾ ಶಾಲೆಯ ಬಸ್ಸು ಓಡಿಸುವವಳು. ಬೆಳಗಿನ ಸರದಿ ಮುಗಿಸಿ ಅವಳು ಮನೆ ಮುಟ್ಟುವ ಹೊತ್ತಿಗೆ ಗಂಡನನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಅವಳು ಅವನ ಕೈಹಿಡಿದಳು, ಏನೋ ಕೇಳಿದಳು, ಅವನು ಏನೋ ಹೇಳಿದ. ಆಮೇಲೆ ತಲೆಯೆತ್ತಿ ಸೂರನ್ನು ನೋಡಿದಳು. ಒಡೆಯದೆ ಉಳಿದ ಗಡ್ಡೆಯಿಂದ ಆಳೆತ್ತರದ ಮಂಜಿನ ಕೋಲುಗಳು ಇನ್ನೂ ಜೋತುಬಿದ್ದಿದ್ದವು.

"ಇನ್ಮೇಲೆ ಈ ಮನೆ ಮಾಡಿಗೆ ಯಾರೂ ಏಣಿ ಹಾಕಲ್ಲ," ಎಂದಳು. ನನಗೆ ಹೇಳಿದಳೋ ಮಾಡಿಗೆ ಹೇಳಿದಳೋ ಗೊತ್ತಾಗಲಿಲ್ಲ. ಆಂಬುಲೆನ್ಸ್ ಹತ್ತಿ ಹೋದಳು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಉಕ್ಕಿನ ಸರಳು ಹಾಕಿ ಕೂಡಿಸಿದರು. ಆರ್ವೋ ಮನೆಗೆ ಬಂದಾಗ ರಸ್ತೆಬದಿಯ ಹಿಮ ಕರಗಿ ಕೆಸರಾಗಿತ್ತು. ಎರಡು ಊರುಗೋಲು, ಕಿಟಕಿ ಪಕ್ಕದ ಕುರ್ಚಿ, ಯಾರ ಮೇಲೆ ಹೊರಿಸಬೇಕೆಂದು ತಿಳಿಯದ ಸಿಟ್ಟು, ಇವಿಷ್ಟರ ಜೊತೆ ಅವನು ದಿನ ಕಳೆಯತೊಡಗಿದ. ಸೆವೆನ್‌ನ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದ ಬಡಗಿ ಅವನು. ಕೂತು ಗೊತ್ತಿದ್ದವನಲ್ಲ.

ಅವನ ಅಣ್ಣ ಉರ್ಹೋ ದಿನವೂ ಬರುತ್ತಿದ್ದ. ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ದೊಡ್ಡ ತುಂಡನ್ನು ಕಾಫಿಯಲ್ಲಿ ಅದ್ದಿಕೊಂಡು ಬುದ್ಧಿ ಹೇಳುವುದು ಅವನಿಗೆ ಇಷ್ಟ.

"ಸೂರಿನ ಉದ್ದಕ್ಕೂ ಕರೆಂಟಿನ ತಂತಿ ಹಾಕ್ಸಿಬಿಡು. ಬಿಸಿಯಾಗುತ್ತೆ, ಕರಗುತ್ತೆ, ಮುಗೀತು. ಇಲ್ಲಾ ತಗಡು ಹೊದಿಸು. ಜಾರಿ ಬೀಳುತ್ತೆ."

ಸೈಮಾ ಪಾತ್ರೆ ಒರೆಸುತ್ತಿದ್ದಳು. "ಉರ್ಹೋ, ನಮ್ಮ ಗ್ಯಾರೇಜಿನ ಮಾಡಿಗೆ ಯಾಕೆ ಮಂಜುಗಡ್ಡೆ ಕಟ್ಟಲ್ಲ?" ಎಂದು ಕೇಳಿದಳು.

"ಗ್ಯಾರೇಜಿಗಾ?"

"ಅದೇ ಹಿಮ, ಅದೇ ಬಿಸಿಲು. ಮನೆಗಿಂತ ಹತ್ತು ಹೆಜ್ಜೆ ಆಚೆಗಿದೆ. ಚಳಿಗಾಲ ಪೂರ್ತಿ ಅದರ ಮೇಲೆ ಹಿಮ ಹಾಸಿಗೆ ಹಾಸಿದ ಹಾಗೆ ಬಿದ್ದಿರುತ್ತೆ. ಒಂದು ಹನಿ ತೊಟ್ಟಿಕ್ಕಲ್ಲ. ಮನೆ ಮಾಡು ಮಾತ್ರ ನೆತ್ತಿಯಿಂದ ಬೋಳಾಗ್ತಾ ಬರುತ್ತೆ."

"ಗ್ಯಾರೇಜಲ್ಲಿ ಒಲೆ ಇಲ್ವಲ್ಲ!"

"ಅದನ್ನೇ ನಾನೂ ಹೇಳ್ತಿರೋದು. ನಮ್ಮ ಒಲೆ ಬಿಸಿ ಮಾಡ್ತಿರೋದು ಮಾಡನ್ನ. ನಾವು ಸೌದೆ ಹಾಕೋದು, ಅದು ಹಿಮ ಕರಗಿಸೋದು, ಆಮೇಲೆ ನಾವೇ ಮೇಲೆ ಹತ್ತಿ ಬೀಳೋದು."

ಆರ್ವೋ ಕುರ್ಚಿಯಿಂದಲೇ ಗದರಿದ. "ನಮ್ಮಪ್ಪ ಆ ಅಟ್ಟಕ್ಕೆ ಮೊಣಕಾಲೆತ್ತರ ಮರದ ಪುಡಿ ತುಂಬಿದ್ದ. ಬಿಸಿ ಅಲ್ಲಿಂದ ಹೋಗಲ್ಲ. ಹೋಗೋಕೆ ಸಾಧ್ಯವೇ ಇಲ್ಲ."

"ಎಷ್ಟು ವರ್ಷ ಆಯ್ತು ನೀನು ನೋಡಿ?"

ಅವನು ಕಿಟಕಿಯ ಕಡೆ ತಿರುಗಿದ.

ಮರುದಿನ ಸೈಮಾ ನನ್ನನ್ನು ಕೂಗಿದಳು. ಮಲಗುವ ಕೋಣೆಯ ಬೀರುವಿನ ಮೇಲ್ಗಡೆ ಅಟ್ಟದ ಬಾಗಿಲು, ಒಬ್ಬರ ಭುಜ ತೂರುವಷ್ಟೇ ಅಗಲದ ಹಲಗೆ. ನಾನು ಏಣಿ ಹಿಡಿದೆ, ಅವಳು ಟಾರ್ಚು ಕಚ್ಚಿಕೊಂಡು ಹತ್ತಿದಳು. ಸೊಂಟದವರೆಗೆ ಒಳಹೋಗಿ ನಿಂತು ಟಾರ್ಚನ್ನು ಮೂಲೆ ಮೂಲೆಗೂ ಹಾಯಿಸಿದಳು.

"ಏನಾಯ್ತೇ? ಹೆಗ್ಗಣವಾ?"

"ನೀನೂ ಬಂದು ನೋಡು."

ನಾನು ಹೋಗಿ ನೋಡಿದೆ. ಮರದ ಪುಡಿ ಇತ್ತು, ಇಲ್ಲವೆನ್ನಲಾಗದು. ಆದರೆ ಅದು ಕುಸಿದು ಅಂಗೈ ದಪ್ಪಕ್ಕೆ ಇಳಿದಿತ್ತು. ಅಲ್ಲಲ್ಲಿ ಇಲಿಗಳು ಬಗೆದು ಕೆಳಗಿನ ಹಲಗೆಯೇ ಕಾಣುತ್ತಿತ್ತು. ಚಿಮಣಿಯ ಸುತ್ತ ಬೆಕ್ಕು ನುಗ್ಗುವಷ್ಟು ಸಂದಿ, ಅದರಲ್ಲಿ ಕೆಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮಾಡನ್ನು ಹೊತ್ತ ಪಕಾಸಿಗಳು ಬೂಷ್ಟು ಹಿಡಿದು ಕಪ್ಪಾಗಿದ್ದವು. ಮೊಳೆಗಳೆಲ್ಲ ತುಕ್ಕು. ಇನ್ನೊಂದು ಮೂಲೆಯಲ್ಲಿ ಬಚ್ಚಲುಮನೆಯ ಫ್ಯಾನಿನ ಕೊಳವೆ ಪುಡಿಯೊಳಗಿಂದ ಎದ್ದು ನಿಂತಿತ್ತು. ಅದರ ಬಾಯಿ ಹೊರಗೆ ಎಲ್ಲಿಗೂ ಹೋಗಿರಲಿಲ್ಲ, ಅಟ್ಟದೊಳಗೇ ತೆರೆದುಕೊಂಡಿತ್ತು. ಇಷ್ಟು ವರ್ಷ ಸ್ನಾನದ ಹಬೆಯನ್ನೆಲ್ಲ ಇಲ್ಲಿಗೇ ತಂದು ಮರಕ್ಕೆ ಕುಡಿಸಿತ್ತು.

"ಆ ಫ್ಯಾನ್ ಹಾಕಿದ್ದು ಯಾರು?" ಎಂದೆ. ಕೇಳಬಾರದಿತ್ತು.

"ಇನ್ಯಾರು?" ಎಂದಳು ಸೈಮಾ.

ಕೆಳಗಿಳಿದು ಬಂದು, ಕೂದಲಲ್ಲಿ ಮರದ ಪುಡಿ ಇದ್ದ ಹಾಗೆಯೇ, ಆರ್ವೋನ ಎದುರು ನಿಂತು ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ಫ್ಯಾನಿನ ಮಾತನ್ನೂ ಬಿಡಲಿಲ್ಲ.

"ನಾನು ಕೆಲಸ ಕಲಿತ ಕಾಲದಲ್ಲಿ ಎಲ್ಲರೂ ಹಾಗೇ ಹಾಕ್ತಿದ್ರು," ಎಂದ ಆರ್ವೋ.

"ಇರಬಹುದು. ಈಗ ತೆಗೀಬೇಕು."

"ಯಾರು ತೆಗೀತಾರೆ? ನಾನು ಬಚ್ಚಲಿಗೆ ಹೋಗೋಕೇ ಊರುಗೋಲು ಬೇಕು!"

"ನಾನು ತೆಗೀತೀನಿ. ಪುಡಿಯೆಲ್ಲಾ ಹೊರಗೆ ಹಾಕಿ, ಸಂದಿಗಳೆಲ್ಲಾ ಮುಚ್ಚಿ, ಬಿಸಿ ತಡೆಯೋ ಹೊಸ ಹೊದಿಕೆ ತುಂಬ್ತೀನಿ. ಬೇಸಿಗೆ ಪೂರ್ತಿ ಬಸ್ಸಿಲ್ಲ, ನಂಗೆ ರಜ."

"ನೀನು ಬಡಗಿಯಾ?"

"ಅಲ್ಲ. ಬಡಗಿ ಏಣಿಯಿಂದ ಬಿದ್ದಿದಾನೆ."

ಇದಾದ ಮೇಲೆ ವಾರಗಟ್ಟಲೆ ಅವನು ಅವಳೊಡನೆ ನೇರವಾಗಿ ಮಾತಾಡಲಿಲ್ಲ. ಆ ದಿನಗಳಲ್ಲಿ ನನ್ನ ಪಾಡು ಯಾರಿಗೂ ಬೇಡ. ಕಾಫಿಗೆಂದು ಹೋದರೆ ಆರ್ವೋ, "ಟೈಮಿ, ಅವಳಿಗೆ ಹೇಳು, ಸಕ್ಕರೆ ಮುಗಿದಿದೆ," ಎನ್ನುತ್ತಿದ್ದ. ಸೈಮಾ ಎರಡು ಮೊಳ ದೂರದಲ್ಲಿ ಕೂತಿರುತ್ತಿದ್ದಳು. "ಟೈಮಿ, ಅವನಿಗೆ ಹೇಳು, ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ಇದೆ." ನಾನು ಒಂದು ದಿನ ಎದ್ದುನಿಂತು, "ನಾನೇನು ಟೆಲಿಫೋನಾ? ನಿಮ್ಮ ಮನೆ ಕಾಫಿಗಿಂತ ನನ್ನ ಮನೆ ಕಾಫಿಯೇ ಚೆನ್ನಾಗಿದೆ," ಎಂದು ಹೊರಟೆ. ಹಿಂದಿನಿಂದ ಇಬ್ಬರೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ಆದರೆ ಮಾತು ಶುರುವಾಗಲಿಲ್ಲ.

ಜೂನ್‌ನಲ್ಲಿ ಶಾಲೆ ಮುಚ್ಚಿದ ಮರುದಿನವೇ ಸೈಮಾ ಗಂಡನ ಹಳೇ ಕೆಲಸದ ಪ್ಯಾಂಟು ತೊಟ್ಟು, ಮೂಗಿಗೆ ಮುಖವಾಡ ಕಟ್ಟಿ ಮೇಲೆ ಹೋದಳು. ಐದು ನಿಮಿಷದಲ್ಲಿ ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು.

"ಬಾವಲಿಗಳಿವೆ."

"ಓಡಿಸು!"

"ಮರಿಗಳಿವೆ ಕಣೇ. ಚಿಮಣಿ ಪಕ್ಕದ ಪಕಾಸಿಗೆ ಸಾಲಾಗಿ ಅಂಟಿಕೊಂಡಿವೆ. ಹೆಬ್ಬೆರಳಿನಷ್ಟೂ ಇಲ್ಲ, ಮೈಮೇಲೆ ಕೂದಲೂ ಇಲ್ಲ. ಈಗ ಸಂದಿ ಮುಚ್ಚಿದ್ರೆ ತಾಯಿಗಳು ಹೊರಗೆ, ಮರಿಗಳು ಒಳಗೆ ಒಣಗಿ ಸಾಯ್ತವೆ."

ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಅಲ್ಲಿಯ ಹುಡುಗಿ ಹೇಳಿದ್ದೂ ಅದೇ. ಮರಿಗಳು ಹಾರಲು ಕಲಿಯುವವರೆಗೆ, ಎಂದರೆ ಆಗಸ್ಟ್ ಮುಗಿಯುವವರೆಗೆ, ಅಟ್ಟವನ್ನು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಅಕ್ಟೋಬರಿಗೆ ಹಿಮ ಬೀಳಲು ಶುರು. ಅವಳು ಎಣಿಸಿಕೊಂಡಿದ್ದ ಬೇಸಿಗೆ ಅಲ್ಲಿಗೆ ಕೈತಪ್ಪಿತು.

ಉರ್ಹೋನಿಗೆ ಹಬ್ಬ. "ಬಾವಲಿಗೆ ಹೆರಿಗೆ ರಜ ಕೊಟ್ಟಿದಾಳಂತೆ ನಮ್ಮ ಸೈಮಾ!" ಎಂದು ಪೋಸ್ಟಾಫೀಸಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಲೂಥರನ್ ಚರ್ಚಿನ ಕಾಫಿ ಕೂಟದಲ್ಲಿ ಹೇಳಿಕೊಂಡು ತಿರುಗಿದ. ಅವಳ ಎದುರಿಗೂ ಹೇಳಿದ. "ಹೊಗೆ ಹಾಕಿ ಓಡಿಸೋದು ಬಿಟ್ಟು ಇದೇನು ಆಟ? ಅಷ್ಟಕ್ಕೂ ಇಷ್ಟೆಲ್ಲಾ ಯಾತಕ್ಕೆ? ಒಂದು ಕುರ್ಚಿ ಹಾಕೋಕೂ ಆಗದ ಜಾಗ ಅದು."

"ನಾನು ಕುರ್ಚಿ ಕೆಳಗೇ ಹಾಕ್ಕೋತೀನಿ, ಉರ್ಹೋ. ಒಣಗಿದ ಜಾಗದಲ್ಲಿ."

ಸುಮ್ಮನೆ ಕಾಯುವವಳಲ್ಲ ಅವಳು. ಸಂಜೆ ಹುಲ್ಲಿನ ಮೇಲೆ ಎರಡು ಕುರ್ಚಿ ಹಾಕಿಕೊಂಡು ನಾವಿಬ್ಬರೂ ಮಾಡಿನ ಕಡೆ ಮುಖಮಾಡಿ ಕೂರುತ್ತಿದ್ದೆವು. ಬಾವಲಿಗಳು ಯಾವ ಯಾವ ಸಂದಿಯಿಂದ ಹೊರಬೀಳುತ್ತವೆ ಎಂದು ಗುರುತಿಟ್ಟುಕೊಳ್ಳುವುದು ಕೆಲಸ. ಬಾವಲಿ ಹೊರಗೆ ಬರುವ ಸಂದಿಯಲ್ಲಿ ಬಿಸಿಗಾಳಿಯೂ ಹೊರಗೆ ಹೋಗುತ್ತದೆ ಎಂಬುದು ಅವಳ ಲೆಕ್ಕ. ಕಾರಿನಲ್ಲಿ ಹೋಗುವವರು ಹಾರ್ನ್ ಹೊಡೆದು ನಗುತ್ತಿದ್ದರು. ಸೈಮಾ ಕೈಬೀಸುತ್ತಿದ್ದಳು. ಸೊಳ್ಳೆಗಳು ಕಡಿಮೆಯಾದವೆಂದು ನನಗೂ ಖುಷಿ.

ಹಗಲಲ್ಲಿ ಗ್ಯಾರೇಜಿನಲ್ಲಿ ತೆಳು ಫೋಮ್ ಹಲಗೆಗಳನ್ನು ಕತ್ತರಿಸುತ್ತಿದ್ದಳು. ಹೊಸ ಹೊದಿಕೆ ಸೂರಿನವರೆಗೆ ತುಂಬಿ ಗಾಳಿಯ ದಾರಿ ಕಟ್ಟಿಬಿಟ್ಟರೆ ಪ್ರಯೋಜನವಿಲ್ಲ. ಸೂರಿನಿಂದ ಒಳಬಂದ ತಣ್ಣನೆ ಗಾಳಿ ಮಾಡಿನ ಒಳಮೈ ಸವರಿಕೊಂಡು ನೆತ್ತಿಯ ಜಾಲರಿಯಿಂದ ಹೊರಹೋಗುತ್ತಿರಬೇಕು. ಅದಕ್ಕಾಗಿ ಎರಡೆರಡು ಪಕಾಸಿಗಳ ನಡುವೆ ಒಂದೊಂದು ಹಲಗೆ, ಓರೆಯಾಗಿ. ಅವಳು ಎಲ್ಲವನ್ನೂ ಒಂದೇ ಅಗಲಕ್ಕೆ ಕತ್ತರಿಸುತ್ತಿದ್ದಳು.

ಜುಲೈನ ಒಂದು ಮಧ್ಯಾಹ್ನ ಗ್ಯಾರೇಜಿನ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ನಾನೂ ಅಲ್ಲೇ ಇದ್ದೆ. ಆರ್ವೋ ನನ್ನ ಕಡೆ ನೋಡಲಿಲ್ಲ. ನೇರ ಅವಳಿಗೇ ಹೇಳಿದ.

"ಇದ್ಯಾವುದೂ ಕೂರಲ್ಲ."

ಸೈಮಾ ಚಾಕು ಕೆಳಗಿಟ್ಟಳು. "ಯಾಕೆ?"

"ಗಣಿಯಲ್ಲಿ ಆಸರೆಗೆ ಹಾಕಿದ್ದ ಹಳೇ ಮರ ತಂದು ನಮ್ಮಪ್ಪ ಈ ಮಾಡು ಕಟ್ಟಿದ್ದು. ಒಂದೊಂದು ಪಕಾಸಿ ಒಂದೊಂದು ದಪ್ಪ. ಯಾವ ಎರಡರ ನಡುವಿನ ಸಂದಿಯೂ ಒಂದೇ ಅಳತೆ ಇಲ್ಲ. ಪ್ರತಿಯೊಂದನ್ನೂ ಅಳೆದೇ ಕತ್ತರಿಸಬೇಕು."

"ಬಾವಲಿ ಹೋಗೋವರೆಗೆ ಅಳೆಯೋಕಾಗಲ್ಲ."

"ಹೊರಗಿಂದ ಅಳೆ. ಪಕಾಸಿಗಳ ತುದಿ ಸೂರಿನ ಕೆಳಗೆ ಕಾಣುತ್ತಲ್ಲ. ಕೋಲಿಗೆ ಟೇಪು ಕಟ್ಟಿಕೋ. ನೆಲದಿಂದಲೇ ಆಗುತ್ತೆ." ಸ್ವಲ್ಪ ತಡೆದು ಸೇರಿಸಿದ: "ಏಣಿ ಬೇಡ."

ಅಂದಿನಿಂದ ಗ್ಯಾರೇಜಿನಲ್ಲಿ ಅವನಿಗೂ ಒಂದು ಎತ್ತರದ ಸ್ಟೂಲು ಬಂತು. ಅವಳು ಹೊರಗಿನಿಂದ ಅಳತೆ ಕೂಗುವಳು, ಅವನು ಕತ್ತರಿಸಿ ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವನು. ಜಗಳ ನಿಂತಿತೆಂದಲ್ಲ. "ಮತ್ತೆ ಅಳೆ, ಅದು ಸುಳ್ಳು ಅಳತೆ," ಎನ್ನುವನು. "ನಿನ್ನ ಅಪ್ಪನ ಮರ ಸುಳ್ಳು, ನನ್ನ ಅಳತೆಯಲ್ಲ," ಎನ್ನುವಳು ಅವಳು. ಆಗಸ್ಟಿನಲ್ಲಿ ಒಂದು ದಿನ ಹೋಗಿ ನೋಡಿದರೆ ಅವನು ಯಾರೂ ಹೇಳದೆಯೇ ಒಂದು ಚಪ್ಪಟೆ ಮರದ ಪೆಟ್ಟಿಗೆ ಮಾಡುತ್ತಿದ್ದ. ಒಳಗೆ ಕಿರಿದಾದ ಗೂಡುಗಳು, ಕೆಳಗಡೆ ಸೀಳು ಬಾಯಿ.

"ಏನಿದು ಆರ್ವೋ?"

"ಅವಳ ಬಾಡಿಗೆದಾರರಿಗೆ," ಎಂದ. "ಮನೆ ಬಿಡಿಸಿದ ಮೇಲೆ ಎಲ್ಲಿಗೆ ಹೋಗ್ತವೆ? ಗ್ಯಾರೇಜಿನ ಗೋಡೆಗೆ ಹೊಡೀಬೇಕು, ಬಿಸಿಲು ಬೀಳೋ ಕಡೆ."

ಆಗಸ್ಟ್ ಕೊನೆಯಲ್ಲಿ ಬಾವಲಿಗಳ ಸಂದಿಗಳಿಗೆ, ಹೊರಗೆ ಬರಬಹುದಾದ ಆದರೆ ಒಳಗೆ ಹೋಗಲಾಗದ ಹಾಗೆ ಬಲೆ ಇಳಿಬಿಟ್ಟರು. ಅದನ್ನೂ ಒಳಗಿನಿಂದಲೇ ಕಟ್ಟಿದಳು ಸೈಮಾ. ವಾರದಲ್ಲಿ ಅಟ್ಟ ಖಾಲಿಯಾಯಿತು. ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ.

ಶಾಲೆ ಮತ್ತೆ ತೆರೆದಿತ್ತು. ಬೆಳಗಿನ ಬಸ್ಸಿಗೂ ಮಧ್ಯಾಹ್ನದ ಬಸ್ಸಿಗೂ ನಡುವಿನ ಹೊತ್ತಷ್ಟೇ ಅವಳ ಕೈಯಲ್ಲಿ. ಅವಳು ಮೇಲೆ ಮಂಡಿಯೂರಿ ಮರದ ಪುಡಿಯನ್ನು ಬಕೆಟ್ಟಿಗೆ ತೋಡುವಳು, ಹಗ್ಗ ಕಟ್ಟಿ ಇಳಿಸುವಳು. ನಾನು ಹೊರಗೆ ಒಯ್ದು ಸುರಿಯುವೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಹಿಟ್ಟಿನ ಮೂಟೆ ಎತ್ತಿದವಳು ನಾನು, ಆದರೂ ಮೂರನೆಯ ದಿನ ಬೆನ್ನು ಬಗ್ಗಿಸಲಾಗದೆ ಏದುಸಿರು ಬಿಟ್ಟೆ. ಪುಡಿ, ಇಲಿಯ ಹಿಕ್ಕೆ, ಬಾವಲಿಯ ಹಿಕ್ಕೆ, ಪುಡಿಯಾದ ಹಳೇ ಪತ್ರಿಕೆ. ಮುಖವಾಡ ತೆಗೆದರೆ ಮೂಗು ಬಾಯಿಯ ಸುತ್ತ ಮಾತ್ರ ಬಿಳಿ, ಉಳಿದದ್ದೆಲ್ಲ ಕಪ್ಪು. ಆ ಕೋಲದಲ್ಲೇ ಅವಳು ಒಮ್ಮೆ ತಡವಾಯಿತೆಂದು ಬಸ್ಸು ಓಡಿಸಿಕೊಂಡು ಹೋದಾಗ ಒಂದನೇ ತರಗತಿಯ ಮಗುವೊಂದು ಹತ್ತಲು ಒಲ್ಲೆನೆಂದು ಅತ್ತಿತ್ತು.

ಶನಿವಾರ ಸಂಜೆ ಸೌನಾ. ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ, ಹಬೆಯಲ್ಲಿ ಮೇಲಿನ ಹಲಗೆಯ ಮೇಲೆ ಕೂತಾಗ ಅವಳ ಮೊಣಕಾಲುಗಳನ್ನು ನೋಡಿದೆ. ಜಂತಿಗಳ ಮೇಲೆ ಮಂಡಿಯೂರಿ ಚರ್ಮ ಕಿತ್ತುಹೋಗಿತ್ತು.

"ಸಾಕು ಮಾಡ್ತೀಯಾ? ಉಳಿದದ್ದನ್ನ ಬರೋ ವರ್ಷ ಮಾಡಿದ್ರಾಯ್ತು," ಎಂದೆ.

ಅವಳು ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಿದಳು. "ಆಸ್ಪತ್ರೆಯಲ್ಲಿ ಮೊದಲನೇ ದಿನ ಅವನು ನನ್ನ ಹೆಸರು ಹಿಡಿದು ಕರೀಲಿಲ್ಲ ಟೈಮಿ. ಔಷಧಿ ಮಂಪರಲ್ಲಿ ಅವರಮ್ಮನ್ನ ಕರೀತಿದ್ದ. ಬೇರೆ ಹೆಂಗಸರು ಅಳ್ತಿದ್ರೇನೋ. ನಾನು ಕೂತು ಮಾಡಿನ ವಿಷಯ ಯೋಚನೆ ಮಾಡಿದೆ. ಯೋಚನೆ ಮಾಡೋಕೆ ಏನಾದ್ರೂ ಬೇಕಿತ್ತು." ಆಮೇಲೆ, "ಬರೋ ವರ್ಷ ಇಲ್ಲ," ಎಂದಳು.

ಪುಡಿಯೆಲ್ಲ ಹೋಗಿ ಹಲಗೆ ಬೋಳಾದ ಮೇಲೆ ಸಂದಿ ಹುಡುಕುವ ಕೆಲಸ. ಅದಕ್ಕೆ ಉಪಾಯ ಹೇಳಿದ್ದು ಆರ್ವೋ. ಅವಳು ಅಟ್ಟದ ಕಿಂಡಿಗಳಿಗೆಲ್ಲ ಬಟ್ಟೆ ಮುಚ್ಚಿ ಕತ್ತಲಲ್ಲಿ ಹೊಟ್ಟೆಯ ಮೇಲೆ ಮಲಗಿದಳು. ಅವನು ಕೆಳಗೆ ಒಂದೊಂದು ಕೋಣೆಗೂ ದೊಡ್ಡ ದೀಪ ಹಿಡಿದುಕೊಂಡು ಹೋಗಿ, ಊರುಗೋಲಿನಿಂದ ಚಾವಣಿಗೆ ಬಡಿಯುತ್ತ ನಡೆದ.

"ಇಲ್ಲಿ?"

"ಕಾಣ್ತಿದೆ!"

"ಇಲ್ಲಿ?"

"ಅಯ್ಯೋ, ಕ್ರಿಸ್‌ಮಸ್ ಮರ ಇದ್ದ ಹಾಗಿದೆ!" ಗೋಡೆ ಸೇರುವಲ್ಲಿ, ದೀಪದ ತಂತಿ ಇಳಿಯುವಲ್ಲಿ, ಕೊಳವೆ ಏರುವಲ್ಲಿ, ಎಲ್ಲೆಲ್ಲೂ ಬೆಳಕಿನ ಗೆರೆ. ಬೆಳಕು ಬಂದಲ್ಲೆಲ್ಲ ಡಬ್ಬಿಯಿಂದ ಫೋಮ್ ಚಿಮ್ಮಿಸಿದಳು. ಚಿಮಣಿಯ ಸುತ್ತ ಮಾತ್ರ ಬೆಂಕಿ ಹತ್ತದ ತಗಡು ಕಟ್ಟಿದಳು. ಅವನು ಮತ್ತೆ ಮತ್ತೆ ಬಡಿದ, ಅವಳು ಮತ್ತೆ ಮತ್ತೆ ಕೂಗಿದಳು. ಕೊನೆಗೆ ಅವನು ಬಡಿದಾಗ ಮೇಲಿನಿಂದ ಉತ್ತರ ಬರಲಿಲ್ಲ.

"ಸೈಮಾ?"

"ಏನೂ ಕಾಣ್ತಿಲ್ಲ," ಎಂದಳು ಅವಳು ಕತ್ತಲಿನಿಂದ. "ಪೂರ್ತಿ ಕತ್ತಲೆ ಕಣೋ!"

ಆರ್ವೋ ದೀಪ ಇಳಿಸಿ ಮಂಚದ ಮೇಲೆ ಕೂತ. ಬಿದ್ದ ಮೇಲೆ ಅವನು ಅಷ್ಟು ಚೆನ್ನಾಗಿ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಆದರೆ ಅಕ್ಟೋಬರ್ ಮೊದಲ ವಾರ, ಸೂರಿನ ಹತ್ತಿರ ಫೋಮ್ ಹಲಗೆ ಕೂರಿಸಲು ತೆವಳಿ ಹೋದಾಗ, ಅವಳ ಉಳಿ ಒಂದು ಪಕಾಸಿಯೊಳಕ್ಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅದರ ಪಕ್ಕದ್ದೂ ಹಾಗೇ. ಅದರಾಚೆಯದ್ದೂ. ಮಲಗುವ ಕೋಣೆಯ ಮೇಲ್ಗಡೆ ಮೂರು ಪಕಾಸಿಗಳ ಬುಡ ಕೊಳೆತು ಹೋಗಿತ್ತು. ಮೇಲೆ ಆಳೆತ್ತರ ಹಿಮ ಕೂತರೆ ಅವು ತಡೆಯುವಂತಿರಲಿಲ್ಲ.

ಉರ್ಹೋ ಬಂದು ತಲೆ ತೂರಿಸಿ ನೋಡಿ ಇಳಿದ. ಈ ಸಲ ತಮಾಷೆ ಮಾಡಲಿಲ್ಲ. "ನಿಲ್ಲಿಸಿಬಿಡು ಸೈಮಾ. ಇದು ನಿನ್ನ ಕೈಲಾಗೋದಲ್ಲ. ಚಳಿಗಾಲಕ್ಕೆ ನಮ್ಮನೆಗೆ ಬಂದುಬಿಡಿ ಇಬ್ಬರೂ. ವಸಂತದಲ್ಲಿ ಯಾರನ್ನಾದ್ರೂ ಕರೆಸೋಣ."

"ವಸಂತದವರೆಗೆ ಮಾಡು ನಿಲ್ಲುತ್ತಾ?"

ಆರ್ವೋ ಎದ್ದುನಿಂತ. ಆಗ ಒಂದೇ ಊರುಗೋಲು ಸಾಕಾಗುತ್ತಿತ್ತು. "ನಾನು ಹತ್ತುತ್ತೀನಿ," ಎಂದ.

"ನೀನು ಹತ್ತಲ್ಲ," ಎಂದಳು ಸೈಮಾ. "ಹೇಗೆ ಮಾಡೋದು ಅಂತ ನನಗೆ ತೋರಿಸು."

ಅವನು ಅವಳನ್ನೇ ನೋಡಿದ. ಆಮೇಲೆ ಗ್ಯಾರೇಜಿನ ಕಡೆ ನಡೆದ. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆ ಬರೆದ, ಮಾಡಿನ ಇಳಿಜಾರು ಬರೆದ, ಹಳೇ ಮರದ ತುಂಡುಗಳಲ್ಲಿ ಅಟ್ಟದ ಆ ಮೂಲೆಯನ್ನೇ ಕಟ್ಟಿ ನಿಲ್ಲಿಸಿದ. ಕೊಳೆತ ಭಾಗ ಕತ್ತರಿಸುವ ಮೊದಲು ಕೆಳಗಿನಿಂದ ಜಾಕು ಕೊಟ್ಟು ಭಾರ ಎತ್ತಿಹಿಡಿಯುವುದು, ಹಳೇ ಪಕಾಸಿಯ ಮಗ್ಗುಲಿಗೆ ಹೊಸ ಮರ ಒತ್ತಿ ಬೋಲ್ಟು ಬಿಗಿಯುವುದು. ಅವಳು ನೆಲದ ಮೇಲೆ ಮಾಡಿದಳು. ಅವನು ಬಿಚ್ಚಿಸಿದ. ಮತ್ತೆ ಮಾಡಿದಳು. ಮತ್ತೆ ಬಿಚ್ಚಿಸಿದ.

"ಸರಿಯಾಗೇ ಇದೆಯಲ್ಲೋ!"

"ಇಲ್ಲಿ ನಿಂತುಕೊಂಡು ಮಾಡಿದೆ. ಅಲ್ಲಿ ಮಲಗಿಕೊಂಡು ಮಾಡಬೇಕು. ಮಲಗು."

ಅವಳು ನೆಲದ ಮೇಲೆ ಮಲಗಿ ಮಾಡಿದಳು. ನಾಲ್ಕನೆಯ ಸಲಕ್ಕೆ ಅವನು ತಲೆದೂಗಿದ.

ಮರದ ತೊಲೆಗಳನ್ನು ಆ ಕಿರಿದಾದ ಬಾಗಿಲಲ್ಲಿ ಏರಿಸುವುದು ಹೇಗೆಂದು ನಾವು ಮೂವರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಉರ್ಹೋ ಕೈಗವಸು ತೊಟ್ಟು ಬಂದ. "ಸಹಾಯಕ್ಕೆ ಬಂದಿಲ್ಲ, ನೋಡೋಕೆ ಬಂದಿದೀನಿ," ಎಂದವನೇ ಮೊದಲ ತೊಲೆಯ ತುದಿಯನ್ನು ಹೆಗಲಿಗೆ ಹಾಕಿಕೊಂಡ. ಆ ದಿನವಿಡೀ ಅವನು ಅಟ್ಟದಲ್ಲಿ ಅಂಗಾತ ಮಲಗಿ ಮರ ಎತ್ತಿಹಿಡಿದ, ಸೈಮಾ ಬೋಲ್ಟು ಬಿಗಿದಳು, ಆರ್ವೋ ಕೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಮಧ್ಯಾಹ್ನ ನಾನು ಮಾಡಿಕೊಂಡು ಹೋಗಿದ್ದ ಮಾಂಸ, ಆಲೂಗೆಡ್ಡೆ ತುಂಬಿದ ಪಾಸ್ಟಿ ಕಡುಬುಗಳನ್ನು ಬಕೆಟ್ಟಿನಲ್ಲೇ ಮೇಲಕ್ಕೆ ಕಳಿಸಿದೆವು. ಮೂರನೆಯ ಪಕಾಸಿಯ ಕೊನೆಯ ಬೋಲ್ಟು ಬಿಗಿದು ಜಾಕು ಇಳಿಸಿದಾಗ ಮಾಡು ಒಮ್ಮೆ ಕಿರ್ರೆಂದಿತು. ಆಮೇಲೆ ಅದು ಸುಮ್ಮನಾಯಿತು.

ಉಳಿದದ್ದು ಫ್ಯಾನಿನ ಕೊಳವೆ. ಅದನ್ನು ಬಿಚ್ಚಿ, ಹೊಸದನ್ನು ಗೋಡೆಯಾಚೆ ಹೊರಗೆ ತೆರೆಯುವಂತೆ ಕೂರಿಸಬೇಕಿತ್ತು. ಸೈಮಾ ಕೊರೆಯುವ ಯಂತ್ರ ತೆಗೆದುಕೊಂಡು ಹೊರಟಾಗ ಆರ್ವೋ ಏಣಿಯ ಬುಡದಲ್ಲಿ ಅಡ್ಡ ನಿಂತಿದ್ದ.

"ಇದೊಂದನ್ನ ನಾನು ಮಾಡ್ತೀನಿ."

"ಆರ್ವೋ."

"ಹೊರಗಿನ ಏಣಿ ಅಲ್ಲ, ಮನೆಯೊಳಗಿನದು. ಆರು ಮೆಟ್ಟಿಲು. ಮೇಲೆ ಓಡಾಡೋಕೆ ಹೊಸ ಹಲಗೆ ನೀನೇ ಹಾಸಿದೀಯ. ಆ ಕೊಳವೆ ನಾನು ತಪ್ಪು ಇಟ್ಟಿದ್ದು ಸೈಮಾ. ನಾನೇ ಬಿಚ್ಚಬೇಕು."

ಅವಳು ಬೇಡವೆನ್ನುತ್ತಾಳೆಂದೇ ನಾನು ಅಂದುಕೊಂಡಿದ್ದೆ. ಅವಳ ಮುಖದಲ್ಲಿ ಆ ಮಾತು ಬಂದೂ ಇತ್ತು. ತುಟಿ ಕಚ್ಚಿಕೊಂಡು ಯಂತ್ರವನ್ನು ಅವನ ಕೈಗೆ ಕೊಟ್ಟಳು. ಏಣಿಯನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಅವನು ಒಂದೊಂದೇ ಮೆಟ್ಟಿಲು, ಸರಿಯಿರುವ ಕಾಲು ಮೊದಲು, ಆಮೇಲೆ ಇನ್ನೊಂದು, ಹತ್ತಿ ಒಳಗೆ ಹೋದ. ಮೇಲೆ ಕೊರೆಯುವ ಸದ್ದು, ಬೈಗುಳ, ತಗಡಿನ ಸದ್ದು. ಅವನು ಇಳಿದು ಬರುವವರೆಗೂ ಅವಳು ಏಣಿ ಬಿಡಲಿಲ್ಲ. ಆರ್ವೋ ಹಳೇ ಕೊಳವೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ, ನೇರ ಕಸದ ಡಬ್ಬಿಗೆ ಹಾಕಿದ.

ಹೊದಿಕೆ ತುಂಬುವ ದಿನ ಸರೋವರದ ಕಡೆಯಿಂದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಬಾಡಿಗೆಗೆ ತಂದ ಯಂತ್ರ ಅಂಗಳದಲ್ಲಿ ಗುಡುಗುತ್ತಿತ್ತು. ಹತ್ತಿಯಂತೆ ಹಿಂಜಿದ ಕಾಗದದ ಮೂಟೆಗಳನ್ನು ನಾನು ಒಡೆದೊಡೆದು ಅದರ ಬಾಯಿಗೆ ಹಾಕಿದೆ. ಅದು ಉದ್ದನೆಯ ಕೊಳವೆಯಲ್ಲಿ ಮೇಲಕ್ಕೆ ಊದಿತು. ಸೈಮಾ ಮೇಲೆ ಕೊಳವೆ ಹಿಡಿದು ಮೂಲೆಯಿಂದ ಮೂಲೆಗೆ ಹರಡುತ್ತ ಹಿಂದೆ ಹಿಂದೆ ಸರಿದಳು. ಮಧ್ಯಾಹ್ನದ ಹೊತ್ತಿಗೆ ಹಿಮದ ಮೊದಲ ಹಳುಕುಗಳು ಬೀಳತೊಡಗಿದವು. ನನ್ನ ಕೈಯಲ್ಲಿದ್ದದ್ದು ಹಿಮವೋ ಕಾಗದವೋ ಗೊತ್ತಾಗದಷ್ಟು. ಕೊನೆಯ ಮೂಟೆ ಮುಗಿದು ಯಂತ್ರ ನಿಂತಿತು. ಸೈಮಾ ಬಾಗಿಲ ಹಲಗೆಯನ್ನು ಎಳೆದು ಮುಚ್ಚಿ ಇಳಿದಳು, ರೆಪ್ಪೆಯವರೆಗೆ ಬೂದು ಬಣ್ಣ. ಅಡುಗೆಮನೆಯ ಕುರ್ಚಿಯಲ್ಲಿ ಕೂತವಳು ಕಾಫಿ ಲೋಟ ಕೈಯಲ್ಲಿ ಹಿಡಿದೇ ನಿದ್ದೆಹೋದಳು. ಆರ್ವೋ ಲೋಟ ತೆಗೆದಿಟ್ಟು ಅವಳ ಬೂಟು ಬಿಚ್ಚಿದ. ಬಗ್ಗಲು ಅವನಿಗೆ ತುಂಬ ಹೊತ್ತು ಹಿಡಿಯಿತು.

ಆ ಚಳಿಗಾಲ ಹಿಮ ಬಿದ್ದದ್ದು ಕಿಟಕಿಯ ಮಟ್ಟಕ್ಕೆ. ಜನವರಿಯಲ್ಲಿ ನಡುವೆ ಬಿಸಿಲೂ ಬಂತು, ಮತ್ತೆ ಹೆಪ್ಪುಗಟ್ಟಿಸುವ ಚಳಿಯೂ ಬಂತು. ಬೀದಿಯ ಎಲ್ಲ ಸೂರುಗಳಲ್ಲೂ ಮಂಜಿನ ಕೋಲುಗಳು ಹಲ್ಲು ಕಿರಿದವು, ನನ್ನ ಸೂರಿನಲ್ಲೂ. ಕೊಕ್ಕೋ ಮನೆಯ ಮಾಡಿನ ಮೇಲೆ ಹಿಮ ನೆತ್ತಿಯಿಂದ ಸೂರಿನವರೆಗೆ ಅಲುಗಾಡದೆ ಕೂತಿತ್ತು. ಒಳಗೆ ಒಂದು ಹನಿ ಬೀಳಲಿಲ್ಲ. ಒಲೆಗೆ ಸೌದೆಯೂ ಮೊದಲಿನಷ್ಟು ಬೇಕಾಗಲಿಲ್ಲವೆಂದು ಆರ್ವೋ ಸಿಕ್ಕಸಿಕ್ಕವರಿಗೆ ಹೇಳಿದ. ಹೇಳುವಾಗ "ನಾವು" ಎನ್ನುತ್ತಿರಲಿಲ್ಲ, "ಅವಳು" ಎನ್ನುತ್ತಿದ್ದ.

ಫೆಬ್ರವರಿಯಲ್ಲಿ ಉರ್ಹೋನ ಮನೆಯ ಊಟದ ಕೋಣೆ ಸೋರಿತು. ಎರಡು ದಿನ ಯಾರಿಗೂ ಹೇಳಲಿಲ್ಲವಂತೆ. ಮೂರನೆಯ ದಿನ ಸೈಮಾಳ ಬಸ್ಸು ಬರುವ ಹೊತ್ತಿಗೆ ದಾರಿಯಲ್ಲಿ ನಿಂತಿದ್ದ. ಅವಳು ಸರದಿ ಮುಗಿಸಿ ನನ್ನನ್ನೂ ಕರೆದುಕೊಂಡು ಹೋದಳು. ಉರ್ಹೋ ಏಣಿ ಹಿಡಿದ. ಸೈಮಾ ಟಾರ್ಚು ಕಚ್ಚಿಕೊಂಡು ಹತ್ತಿ ಅವನ ಅಟ್ಟದೊಳಕ್ಕೆ ಸೊಂಟದವರೆಗೆ ಮಾಯವಾದಳು.

"ಏನು ಕಾಣ್ತಿದೆ?" ಎಂದು ಉರ್ಹೋ ಕೆಳಗಿನಿಂದ ಕೇಳಿದ.

ಅವಳು ಸ್ವಲ್ಪ ಹೊತ್ತು ಟಾರ್ಚನ್ನು ಅತ್ತಿತ್ತ ಆಡಿಸಿದಳು.

"ಕಾಫಿ ಇಡು ಉರ್ಹೋ," ಎಂದಳು. "ಮಾತಾಡೋದು ಬಹಳ ಇದೆ."